ಯಂತ್ರಕ್ಕೊಂದು ಕೀ: ಪಾಸ್‌ವರ್ಡ್ ಇಲ್ಲದೆ ಸರ್ವರ್‌ಗೆ ಲಾಗಿನ್ ಆಗುವ ಬಗೆ

ಸರ್ವರ್‌ನ ಪಾಸ್‌ವರ್ಡ್ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿ ಎಂದು ಯಾರಾದರೂ ಕೇಳಿದರೆ ನಾನು ಕೊಡುವ ಉತ್ತರ ಒಂದೇ: ನಿಮ್ಮ ಪಬ್ಲಿಕ್ ಕೀ ಕಳುಹಿಸಿ, ಕೂಡಲೇ ಒಳಗೆ ಬಿಡುತ್ತೇನೆ. ದೂರದ ಸರ್ವರ್‌ಗೆ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಎಂಬ ತಂತ್ರಾಂಶದ ಕೀ ಅದು. ಅದನ್ನು ಎಲ್ಲಿಂದ ತರುವುದು ಎಂದು ಮರುಪ್ರಶ್ನೆ ಬರುತ್ತದೆ. ಅದಕ್ಕೆ ಫೋನಿನಲ್ಲಿ ತುಂಡು ತುಂಡಾಗಿ ಹೇಳುತ್ತ ಬಂದದ್ದನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಬೆಂಗಳೂರಿನ ಕೆಲವು ಸಣ್ಣ ಕಚೇರಿಗಳ ಸರ್ವರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಚಾಮರಾಜಪೇಟೆಯ ಒಂದು ಪ್ರಕಾಶನ ಕಚೇರಿಯಲ್ಲಿ ಸರ್ವರ್ ಎಂದರೆ ಎಸ್.ಪಿ. ರಸ್ತೆಯಲ್ಲಿ ಕೊಂಡ ಹಳೆಯ ಡೆಸ್ಕ್‌ಟಾಪ್. ಪುಸ್ತಕದ ಕಪಾಟಿನ ಪಕ್ಕ, ಯುಪಿಎಸ್‌ಗೆ ಜೋಡಿಸಿ ಇಟ್ಟಿದ್ದೇವೆ. ಮಲ್ಲೇಶ್ವರದ ಲೆಕ್ಕಪರಿಶೋಧಕರ ಕಚೇರಿಯದು ತಿಂಗಳ ಬಾಡಿಗೆಯ ಕ್ಲೌಡ್ ಯಂತ್ರ. ಪುಟವಿನ್ಯಾಸ ಮಾಡುವವರು ಕೆಂಗೇರಿಯಲ್ಲಿ, ಕರಡು ತಿದ್ದುವವರು ಯಲಹಂಕದಲ್ಲಿ, ಎಲ್ಲರೂ ಮನೆಯಿಂದಲೇ ಒಳಗೆ ಬರಬೇಕು. ಈ ಊರಿನಲ್ಲಿ ಜನ ಕೆಲಸ ಬದಲಿಸುತ್ತಾರೆ, ಲ್ಯಾಪ್‌ಟಾಪ್ ಬದಲಿಸುತ್ತಾರೆ, ಬಸ್ಸಿನಲ್ಲಿ ಬ್ಯಾಗ್ ಬಿಟ್ಟು ಇಳಿಯುತ್ತಾರೆ. ಒಂದೇ ಪಾಸ್‌ವರ್ಡ್ ಐದು ಜನರ ಕೈಯಲ್ಲಿದ್ದರೆ, ಒಬ್ಬರು ಕೆಲಸ ಬಿಟ್ಟ ದಿನ ಉಳಿದ ನಾಲ್ವರಿಗೂ ಹೊಸ ಪಾಸ್‌ವರ್ಡ್ ಕೊಡಬೇಕು. ಆ ಗೋಜಿಗೆ ಯಾರೂ ಹೋಗುವುದಿಲ್ಲ. ಹಳೆಯದೇ ವರ್ಷಗಟ್ಟಲೆ ನಡೆಯುತ್ತದೆ. ಕೀ ಇದ್ದರೆ ಒಬ್ಬರ ಒಂದು ಯಂತ್ರಕ್ಕೆ ಒಂದು ಸಾಲು. ಬೇಡವಾದಾಗ ಆ ಸಾಲನ್ನು ಅಳಿಸಿದರೆ ಆಯಿತು, ಬೇರೆ ಯಾರಿಗೂ ತೊಂದರೆಯಿಲ್ಲ. ದಿನವೂ ಟೈಪ್ ಮಾಡುವ ಶ್ರಮ ಉಳಿಯುವುದು ಸಣ್ಣ ಲಾಭ. ಈ ಸರ್ವರ್‌ಗೆ ಯಾರು, ಯಾವ ಯಂತ್ರದಿಂದ ಬರಬಲ್ಲರು ಎಂದು ಒಂದು ಕಡತ ತೆರೆದು ಓದಿ ಹೇಳಬಹುದಲ್ಲ, ನಾನು ಹಟ ಹಿಡಿಯುವುದು ಅದಕ್ಕಾಗಿ.

ಒಳಗೆ ನಡೆಯುವುದೇನು

ಕೀ ಎಂದರೆ ಎರಡು ಕಡತಗಳ ಜೋಡಿ. ಪ್ರೈವೇಟ್ ಕೀ ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಹುಟ್ಟಿ ಅಲ್ಲೇ ಇರುತ್ತದೆ. ಪಬ್ಲಿಕ್ ಕೀಯನ್ನು ಯಾರಿಗೆ ಬೇಕಾದರೂ ಕೊಡಬಹುದು. ನೀವು ಲಾಗಿನ್ ಆಗಲು ಹೊರಟಾಗ ಆ ಒಂದು ಸಂಪರ್ಕಕ್ಕೆ ಮಾತ್ರ ಸೇರಿದ ಗುರುತೊಂದು ಎರಡೂ ಕಡೆ ಸಿದ್ಧವಾಗುತ್ತದೆ. ನಿಮ್ಮ ಯಂತ್ರ ಆ ಗುರುತನ್ನು ಒಳಗೊಂಡ ಸಂದೇಶಕ್ಕೆ ಪ್ರೈವೇಟ್ ಕೀಯಿಂದ ಡಿಜಿಟಲ್ ಸಹಿ ಹಾಕುತ್ತದೆ. ಸರ್ವರ್ ತನ್ನ ಬಳಿ ಇರುವ ಪಬ್ಲಿಕ್ ಕೀಯಿಂದ ಸಹಿಯನ್ನು ಪರೀಕ್ಷಿಸುತ್ತದೆ. ಪ್ರೈವೇಟ್ ಕೀ ಜಾಲಕ್ಕೆ ಇಳಿಯುವುದೇ ಇಲ್ಲ, ಸಾಗುವುದು ಅದರ ಸಹಿ. ಅದನ್ನು ಯಾರಾದರೂ ಎತ್ತಿಟ್ಟುಕೊಂಡರೂ ಇನ್ನೊಂದು ಸಂಪರ್ಕದಲ್ಲಿ ಅದು ಚಲಾವಣೆಯಾಗದು. ಪಾಸ್‌ವರ್ಡ್ ಗೂಢಲಿಪಿಯೊಳಗೇ ಸಾಗಿದರೂ ಆ ತುದಿಯ ಸರ್ವರ್‌ಗೆ ಇಡಿಯಾಗಿ ಸಿಗುತ್ತದೆ. ಆ ಸರ್ವರ್ ಕಳ್ಳರ ವಶದಲ್ಲಿದ್ದರೆ ಪಾಸ್‌ವರ್ಡೂ ಅವರ ವಶ.

ಎಸ್‌ಎಸ್‌ಎಚ್ ಹುಟ್ಟಿದ್ದೇ ಪಾಸ್‌ವರ್ಡ್ ಕಳವಿನಿಂದ. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಕದ್ದಾಲಿಸಿ ಪಾಸ್‌ವರ್ಡ್‌ಗಳನ್ನು ಕಲೆಹಾಕಿದ ಮೇಲೆ, ಅಲ್ಲಿದ್ದ ತಾತು ಯುಲೋನೆನ್ ಇದನ್ನು ಬರೆದರು. ನಾವೀಗ ಬಳಸುವ ಓಪನ್‌ಎಸ್‌ಎಸ್‌ಎಚ್ 1999ರಲ್ಲಿ ಓಪನ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್‌ನ ತಂಡದಿಂದ ಬಂತು. ಅಂದಿನ ಅಪಾಯ ಇಂದು ರೂಪ ಬದಲಿಸಿದೆ. ಇಂಟರ್‌ನೆಟ್‌ಗೆ ತೆರೆದಿರುವ ಯಾವುದೇ ಸರ್ವರ್‌ನ ಎಸ್‌ಎಸ್‌ಎಚ್ ಬಾಗಿಲಾದ 22ನೆಯ ಪೋರ್ಟ್‌ಗೆ ಹಗಲೂ ರಾತ್ರಿ ಗುರುತಿಲ್ಲದ ಯಂತ್ರಗಳು ಬಂದು ರೂಟ್, ಅಡ್ಮಿನ್, ಟೆಸ್ಟ್, ಒರಾಕಲ್ ಎಂಬ ಹೆಸರುಗಳಿಗೆ ಪಾಸ್‌ವರ್ಡ್ ಊಹಿಸುತ್ತ ಕೂರುತ್ತವೆ. ಹೊಸ ಕ್ಲೌಡ್ ಯಂತ್ರ ಪಡೆದವರು ಒಂದು ದಿನ ಬಿಟ್ಟು ಅದರ ಲಾಗ್, ಎಂದರೆ ನಡೆದದ್ದರ ದಾಖಲೆ, ತೆರೆದು ನೋಡಬೇಕು. ನನ್ನ ಮಾತಿಗಿಂತ ಆ ಲಾಗ್ ಹೆಚ್ಚು ಮನವರಿಕೆ ಮಾಡಿಕೊಡುತ್ತದೆ.

ಕಮಾಂಡ್‌ಗಳನ್ನು ಫೋನಿನಲ್ಲಿ ಓದಿ ಹೇಳುವ ಹಾಗೆಯೇ ಕನ್ನಡ ಅಕ್ಷರಗಳಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿ) ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಬೇಕು. ದೊಡ್ಡ ಅಕ್ಷರ ಬೇಕಾದ ಕಡೆ ಹೇಳುತ್ತೇನೆ. ಅಡ್ಡಗೆರೆ, ಚುಕ್ಕಿ, ಖಾಲಿ ಜಾಗ ಇರುವ ಹಾಗೆಯೇ ಇರಲಿ. ಉದಾಹರಣೆಗೆ ಬಳಕೆದಾರರ ಹೆಸರು ಸುಮಾ ಎಂದೂ ಸರ್ವರ್‌ನ ವಿಳಾಸ 203.0.113.25 ಎಂದೂ ಇಟ್ಟುಕೊಂಡಿದ್ದೇನೆ. ಇದು ಉದಾಹರಣೆಗಳಿಗೆಂದೇ ಮೀಸಲಾದ ವಿಳಾಸ, ನಿಮ್ಮದನ್ನು ಹಾಕಿಕೊಳ್ಳಿ.

ಕೀ ಮಾಡಿಕೊಳ್ಳುವುದು

ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಟರ್ಮಿನಲ್ ತೆರೆಯಿರಿ. ವಿಂಡೋಸ್ 10ರಲ್ಲಿ 2018ರಿಂದಲೂ ಓಪನ್‌ಎಸ್‌ಎಸ್‌ಎಚ್ ಜೊತೆಗೇ ಬರುತ್ತಿದೆ. ಪವರ್‌ಶೆಲ್ ತೆರೆದರೆ ಸಾಕು. ಮೊದಲು ನಿಮ್ಮ ಖಾತೆಯ ಮನೆಫೋಲ್ಡರ್‌ನಲ್ಲಿ .ಎಸ್‌ಎಸ್‌ಎಚ್ ಎಂಬ ಅಡಗಿದ ಫೋಲ್ಡರ್ ಆಗಲೇ ಇದೆಯೇ, ಅದರಲ್ಲಿ ಹಳೆಯ ಕೀ ಇದೆಯೇ ಎಂದು ನೋಡಿ. ಇದ್ದರೆ ಅದನ್ನೇ ಬಳಸಬಹುದು. ಇಲ್ಲದಿದ್ದರೆ:

ಎಸ್‌ಎಸ್‌ಎಚ್-ಕೀಜೆನ್ -ಟಿ ಇಡಿ25519 -ಸಿ "ಸುಮಾ-ಮನೆ-ಲ್ಯಾಪ್‌ಟಾಪ್"

ಇಲ್ಲಿನ ಸಿ ದೊಡ್ಡ ಅಕ್ಷರ. ಉದ್ಧರಣ ಚಿಹ್ನೆಯೊಳಗಿನದು ನಿಮಗೆ ಬೇಕಾದ ಟಿಪ್ಪಣಿ. ಅದನ್ನು ಖಾಲಿ ಬಿಡಬೇಡಿ ಎಂದು ಎಲ್ಲರನ್ನೂ ಬೇಡಿಕೊಳ್ಳುತ್ತೇನೆ. ಮೂರು ವರ್ಷದ ನಂತರ ಸರ್ವರ್‌ನಲ್ಲಿ ಹನ್ನೆರಡು ಸಾಲು ಅರ್ಥವಾಗದ ಅಕ್ಷರಗಳು ಕಂಡಾಗ ಯಾವುದು ಯಾರದು ಎಂದು ತಿಳಿಸುವುದು ಈ ಟಿಪ್ಪಣಿಯೇ. ವ್ಯಕ್ತಿಯ ಹೆಸರು, ಯಂತ್ರದ ಗುರುತು ಎರಡೂ ಇರಲಿ.

ಇಡಿ25519 ಎಂಬುದು ಕೀಯ ಬಗೆ. ಓಪನ್‌ಎಸ್‌ಎಸ್‌ಎಚ್‌ಗೆ 2014ರಲ್ಲಿ ಸೇರಿತು. ಕೀ ಚಿಕ್ಕದು, ಸಹಿ ವೇಗವಾಗಿ ಆಗುತ್ತದೆ, ಪಬ್ಲಿಕ್ ಕೀ ಒಂದೇ ಪುಟ್ಟ ಸಾಲಿನಲ್ಲಿ ಮುಗಿಯುತ್ತದೆ. ತುಂಬ ಹಳೆಯ ಸರ್ವರ್ ಅಥವಾ ಹಳೆಯ ರೂಟರ್ ಇದನ್ನು ಗುರುತಿಸದಿದ್ದರೆ ಮಾತ್ರ 4096 ಬಿಟ್‌ನ ಆರ್‌ಎಸ್‌ಎ ಕೀ ಮಾಡಿಕೊಳ್ಳಿ. ಡಿಎಸ್‌ಎ ಬಗೆಯ ಕೀ ಎಲ್ಲಾದರೂ ಉಳಿದಿದ್ದರೆ ಎಸೆಯಿರಿ.

ಕೀಯನ್ನು ಎಲ್ಲಿ ಇಡಬೇಕು ಎಂದು ಕೇಳಿದಾಗ ಎಂಟರ್ ಒತ್ತಿ. ಅದೇ ಹೆಸರಿನ ಕಡತ ಆಗಲೇ ಇದೆ, ಅದರ ಮೇಲೆ ಬರೆಯಲೇ ಎಂದು ಕೇಳಿದರೆ ಬೇಡ ಎನ್ನಿ. ಹಳೆಯ ಕೀ ಒಮ್ಮೆ ಅಳಿದರೆ ಮತ್ತೆ ಬಾರದು.

ಮುಂದೆ ಪಾಸ್‌ಫ್ರೇಸ್ ಕೇಳುತ್ತದೆ. ಪಾಸ್‌ವರ್ಡ್ ಬೇಡವೆಂದೇ ಇಷ್ಟು ಮಾಡುತ್ತಿರುವಾಗ ಇದೇಕೆ ಎಂದು ಎಂಟರ್ ಒತ್ತಿ ಮುಂದೆ ಹೋಗುವವರು ಬಹಳ. ದಯವಿಟ್ಟು ಹಾಗೆ ಮಾಡಬೇಡಿ. ಪಾಸ್‌ಫ್ರೇಸ್ ಸರ್ವರ್‌ಗೆ ಹೋಗುವುದೇ ಇಲ್ಲ. ನಿಮ್ಮ ಡಿಸ್ಕಿನಲ್ಲಿರುವ ಪ್ರೈವೇಟ್ ಕೀ ಕಡತವನ್ನು ಗೂಢಲಿಪಿಯಲ್ಲಿ ಇಡುವುದಷ್ಟೇ ಅದರ ಕೆಲಸ. ಪಾಸ್‌ಫ್ರೇಸ್ ಇಲ್ಲದ ಕೀ ಇರುವ ಲ್ಯಾಪ್‌ಟಾಪನ್ನು ಸ್ಕ್ರೀನ್ ಬದಲಿಸಲು ಅಂಗಡಿಗೆ ಕೊಟ್ಟರೆ, ಆ ಕಡತ ನಕಲಾಗಿದೆಯೋ ಇಲ್ಲವೋ ನಿಮಗೆ ಎಂದಿಗೂ ತಿಳಿಯುವುದಿಲ್ಲ. ಪಾಸ್‌ಫ್ರೇಸ್ ಇದ್ದರೆ, ಕೀ ಕಳೆದದ್ದು ಗೊತ್ತಾಗಿ ಸರ್ವರ್‌ನಲ್ಲಿ ಸಾಲು ಅಳಿಸುವವರೆಗೆ ಸಮಯ ಸಿಗುತ್ತದೆ. ದಿನಕ್ಕೊಮ್ಮೆ ಟೈಪ್ ಮಾಡಿದರೆ ಸಾಲುವ ಉಪಾಯವೂ ಇದೆ, ಮುಂದೆ ಹೇಳುತ್ತೇನೆ.

ಒಳ್ಳೆಯ ಪಾಸ್‌ಫ್ರೇಸ್ ಉದ್ದವಾಗಿರಬೇಕು, ನೆನಪಿನಲ್ಲಿಯೂ ನಿಲ್ಲಬೇಕು. ಒಂದಕ್ಕೊಂದು ಸಂಬಂಧವಿಲ್ಲದ ಐದು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವುದು ನಾನು ಎಲ್ಲರಿಗೂ ಹೇಳುವ ಕ್ರಮ: ಹುಣಸೆ, ಟ್ರ್ಯಾಕ್ಟರ್, ಛತ್ರಿ, ಮಂಗಳವಾರ, ಕೊಡಪಾನ, ಹೀಗೆ. ಇಲ್ಲಿ ಅಚ್ಚಾದ ಈ ಐದನ್ನೇ ಬಳಸಬೇಡಿ. ಎಲ್ಲರಿಗೂ ಬಾಯಿಪಾಠವಾದ ವಚನದ ಸಾಲು, ಸಿನಿಮಾ ಹಾಡಿನ ಪಲ್ಲವಿ, ಮಕ್ಕಳ ಹೆಸರು, ವಾಹನದ ನೋಂದಣಿ ಸಂಖ್ಯೆ ಬೇಡ. ಟೈಪ್ ಮಾಡುವಾಗ ತೆರೆಯ ಮೇಲೆ ಚುಕ್ಕಿಯಾಗಲಿ ನಕ್ಷತ್ರವಾಗಲಿ ಕಾಣುವುದಿಲ್ಲ. ಕೀಬೋರ್ಡ್ ಕೆಟ್ಟಿದೆ ಎಂದು ಗಾಬರಿಯಾಗಬೇಡಿ, ಅಕ್ಷರಗಳು ಒಳಗೆ ಹೋಗುತ್ತಿರುತ್ತವೆ. ಮರೆತರೆ ಅದನ್ನು ಮರಳಿ ಪಡೆಯುವ ದಾರಿಯಿಲ್ಲ, ಹೊಸ ಕೀ ಮಾಡಿಕೊಳ್ಳಬೇಕು. ಬದಲಿಸಬೇಕೆಂದರೆ ಎಸ್‌ಎಸ್‌ಎಚ್-ಕೀಜೆನ್ -ಪಿ ಸಾಕು. ಕೀ ಅದೇ ಉಳಿಯುತ್ತದೆ, ಸರ್ವರ್‌ನಲ್ಲಿ ಏನನ್ನೂ ಮುಟ್ಟಬೇಕಿಲ್ಲ.

ಈಗ .ಎಸ್‌ಎಸ್‌ಎಚ್ ಫೋಲ್ಡರ್‌ನಲ್ಲಿ ಎರಡು ಕಡತಗಳಿರುತ್ತವೆ: ಐಡಿ_ಇಡಿ25519 ಮತ್ತು ಐಡಿ_ಇಡಿ25519.ಪಬ್. ಕೊನೆಯಲ್ಲಿ ಪಬ್ ಇರುವುದು ಪಬ್ಲಿಕ್. ಅದನ್ನು ಡಬಲ್ ಕ್ಲಿಕ್ ಮಾಡಬೇಡಿ. ಮೈಕ್ರೋಸಾಫ್ಟ್ ಪಬ್ಲಿಷರ್ ಇರುವ ಯಂತ್ರದಲ್ಲಿ ಅದರ ಕಡತಗಳಿಗೂ ಇದೇ ಬಾಲ, ಹಾಗಾಗಿ ಡಿಟಿಪಿ ಕಚೇರಿಗಳಲ್ಲಿ ಕೀಯನ್ನು ಪಬ್ಲಿಷರ್ ತೆರೆಯಲು ಹೋಗುತ್ತದೆ. ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಎಸ್‌ಎಸ್‌ಎಚ್-ಇಡಿ25519 ಎಂದು ಆರಂಭವಾಗಿ, ನಾಲ್ಕು ದೊಡ್ಡ ಎ ಅಕ್ಷರಗಳಿಂದ ಹೊರಡುವ ಉದ್ದನೆಯ ಸರ ಬಂದು, ನಿಮ್ಮ ಟಿಪ್ಪಣಿಯಿಂದ ಮುಗಿಯುವ ಒಂದೇ ಸಾಲು ಕಾಣಬೇಕು. ಬದಲಿಗೆ ಬಿಗಿನ್ ಓಪನ್‌ಎಸ್‌ಎಸ್‌ಎಚ್ ಪ್ರೈವೇಟ್ ಕೀ ಎಂಬ ಸಾಲು ಕಂಡರೆ ತಕ್ಷಣ ಮುಚ್ಚಿ. ಆ ಕಡತವನ್ನು ಇಮೇಲ್, ಪೆನ್‌ಡ್ರೈವ್, ಕ್ಲೌಡ್ ಡ್ರೈವ್ ಎಲ್ಲಿಗೂ ಕಳುಹಿಸಬಾರದು, ನನಗೂ ಕೂಡ. ಯಾರಾದರೂ ಅದನ್ನು ಕಳುಹಿಸಿಬಿಟ್ಟರೆ ಆ ಜೋಡಿಯನ್ನು ಕೈಬಿಟ್ಟು ಹೊಸದನ್ನು ಮಾಡಿಸುತ್ತೇನೆ, ರಿಯಾಯಿತಿ ಇಲ್ಲ.

ಸರ್ವರ್‌ಗೆ ಸೇರಿಸುವುದು

ನಿಮಗೆ ಸರ್ವರ್‌ನ ಪಾಸ್‌ವರ್ಡ್ ಸದ್ಯಕ್ಕೆ ಗೊತ್ತಿದ್ದರೆ, ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ ಒಂದೇ ಕಮಾಂಡ್:

ಎಸ್‌ಎಸ್‌ಎಚ್-ಕಾಪಿ-ಐಡಿ ಸುಮಾ@203.0.113.25

ಮೊದಲ ಬಾರಿಗೆ ಸಂಪರ್ಕಿಸುವಾಗ ಈ ಸರ್ವರ್‌ನ ಗುರುತು ತಿಳಿದಿಲ್ಲ, ಮುಂದುವರಿಯಲೇ ಎಂಬ ಪ್ರಶ್ನೆಯೊಂದಿಗೆ ಫಿಂಗರ್‌ಪ್ರಿಂಟ್ ಎಂಬ ಚಿಕ್ಕ ಗುರುತಿನ ಸರವೊಂದನ್ನು ತೋರಿಸುತ್ತದೆ. ಎಲ್ಲರೂ ಓದದೆ ಯೆಸ್ ಎನ್ನುತ್ತಾರೆ. ಕೀಯ ವ್ಯವಸ್ಥೆಯಲ್ಲಿ ನೀವು ಯಾರೆಂದು ಸರ್ವರ್ ಪರೀಕ್ಷಿಸುವಷ್ಟೇ, ಸರ್ವರ್ ಯಾವುದೆಂದು ನೀವು ಪರೀಕ್ಷಿಸುವುದೂ ಮುಖ್ಯ, ಮತ್ತು ಆ ಪರೀಕ್ಷೆಗೆ ಇದೊಂದೇ ಅವಕಾಶ. ಯೆಸ್ ಎಂದ ಮೇಲೆ ಆ ಗುರುತು ನೋನ್_ಹೋಸ್ಟ್ಸ್ ಕಡತದಲ್ಲಿ ಸೇರಿಬಿಡುತ್ತದೆ. ನಾನು ಪ್ರತಿ ಸರ್ವರ್‌ನ ಫಿಂಗರ್‌ಪ್ರಿಂಟನ್ನು ಅದರ ಮುಂದೆಯೇ ಕುಳಿತು, ಅಥವಾ ಕ್ಲೌಡ್‌ನವರ ಕನ್ಸೋಲ್‌ನಿಂದ ತೆಗೆದು, ಒಂದು ಹಾಳೆಯಲ್ಲಿ ಮುದ್ರಿಸಿ ಕಚೇರಿಯ ಕಡತದಲ್ಲಿ ಇಟ್ಟಿದ್ದೇನೆ. ಹೊಸಬರು ಫೋನ್ ಮಾಡಿ ಕೊನೆಯ ಎಂಟು ಅಕ್ಷರಗಳನ್ನು ಓದುತ್ತಾರೆ, ಈ ಕಡೆಯಿಂದ ಹಾಳೆ ನೋಡಿ ಸರಿ ಎನ್ನುತ್ತೇವೆ.

ಮುಂದೊಂದು ದಿನ ಅದೇ ಸರ್ವರ್‌ನ ಗುರುತು ಬದಲಾಗಿದೆ ಎಂದು ದೊಡ್ಡ ಎಚ್ಚರಿಕೆ ಬಂದರೆ, ಯಂತ್ರವನ್ನು ಹೊಸದಾಗಿ ಇನ್‌ಸ್ಟಾಲ್ ಮಾಡಿದ್ದಾರೆಯೇ ಎಂದು ಮೊದಲು ಕೇಳಿ. ಹೌದೆಂದಾದ ಮೇಲಷ್ಟೇ ಹಳೆಯ ಗುರುತನ್ನು ಎಸ್‌ಎಸ್‌ಎಚ್-ಕೀಜೆನ್ -ಆರ್ 203.0.113.25 ಎಂದು ತೆಗೆಯಿರಿ. ಆರ್ ದೊಡ್ಡ ಅಕ್ಷರ.

ವಿಂಡೋಸ್‌ನಲ್ಲಿ ಕಾಪಿ-ಐಡಿ ಇಲ್ಲ. ಪಬ್ಲಿಕ್ ಕೀಯ ಸಾಲನ್ನು ನಕಲಿಸಿ ನನಗೆ ಕಳುಹಿಸಿ ಎನ್ನುತ್ತೇನೆ. ಅದು ಗುಟ್ಟಲ್ಲ, ವಾಟ್ಸ್‌ಆ್ಯಪ್‌ನಲ್ಲಿ ಬಂದರೂ ಚಿಂತೆಯಿಲ್ಲ. ಆದರೆ ಬಂದ ಸಾಲು ನಿಜವಾಗಿಯೂ ಅವರದೇ ಎಂದು ಖಚಿತವಾಗಬೇಕು. ಅದಕ್ಕೂ ಫೋನ್ ಮಾಡಿ ಫಿಂಗರ್‌ಪ್ರಿಂಟ್ ಓದಿಸುತ್ತೇನೆ. ಎಸ್‌ಎಸ್‌ಎಚ್-ಕೀಜೆನ್ -ಎಲ್ಎಫ್ ಎಂದು ಬರೆದು ಕಡತದ ಹೆಸರು ಕೊಟ್ಟರೆ ಅದು ಸಿಗುತ್ತದೆ. ಆಮೇಲೆ ಸರ್ವರ್‌ನಲ್ಲಿ ಸುಮಾ ಅವರ ಮನೆಫೋಲ್ಡರ್‌ನ .ಎಸ್‌ಎಸ್‌ಎಚ್ ಒಳಗೆ ಆಥರೈಸ್ಡ್_ಕೀಸ್ ಎಂಬ ಕಡತದ ಕೊನೆಗೆ ಆ ಸಾಲನ್ನು ಸೇರಿಸುತ್ತೇನೆ. ಎರಡು ಕಡೆ ಎಚ್ಚರ ಬೇಕು. ಅಂಟಿಸುವಾಗ ಸಾಲು ಮುರಿದು ಎರಡಾಗಬಾರದು. ಆಥರೈಸ್ಡ್ ಎಂಬುದರಲ್ಲಿ ಝಡ್ ಅಕ್ಷರವಿದೆ. ನಾವು ಶಾಲೆಯಲ್ಲಿ ಕಲಿತಂತೆ ಎಸ್ ಹಾಕಿ ಬರೆದರೆ ಸರ್ವರ್ ಆ ಕಡತವನ್ನು ನೋಡುವುದೂ ಇಲ್ಲ, ತಪ್ಪಾಗಿದೆ ಎಂದು ಹೇಳುವುದೂ ಇಲ್ಲ.

ಈಗ ಎಸ್‌ಎಸ್‌ಎಚ್ ಸುಮಾ@203.0.113.25 ಎಂದು ಕೊಡಿ. ಸರ್ವರ್‌ನ ಪಾಸ್‌ವರ್ಡ್ ಬದಲು ಕೀಯ ಪಾಸ್‌ಫ್ರೇಸ್ ಕೇಳಿದರೆ ಕೆಲಸ ಆದಂತೆ.

ಕೀ ಇದ್ದರೂ ಒಳಗೆ ಬಿಡದಿದ್ದರೆ

ಪರ್ಮಿಷನ್ ಡಿನೈಡ್ ಎಂದಷ್ಟೇ ಹೇಳಿ ಸರ್ವರ್ ಸುಮ್ಮನಾಗುತ್ತದೆ. ನನಗೆ ಬರುವ ಕರೆಗಳಲ್ಲಿ ಹೆಚ್ಚಿನವು ಇಲ್ಲಿಯೇ, ಮತ್ತು ಕಾರಣ ಬಹುಮಟ್ಟಿಗೆ ಕಡತಗಳ ಅನುಮತಿ. ನಿಮ್ಮ ಮನೆಫೋಲ್ಡರ್‌ನಲ್ಲಾಗಲಿ .ಎಸ್‌ಎಸ್‌ಎಚ್‌ನಲ್ಲಾಗಲಿ ಬೇರೆಯವರು ಬರೆಯಬಹುದು ಎಂದಾದರೆ, ಅವರು ತಮ್ಮ ಕೀಯನ್ನು ನಿಮ್ಮ ಹೆಸರಿನಲ್ಲಿ ಸೇರಿಸಬಹುದಲ್ಲ? ಆದ್ದರಿಂದ ಸರ್ವರ್ ಅಂಥ ಕಡತವನ್ನು ನಂಬಲು ಒಪ್ಪುವುದಿಲ್ಲ. ಪ್ರಕಾಶನ ಕಚೇರಿಗಳಲ್ಲಿ ಪುಟದ ಕಡತಗಳನ್ನು ಎಲ್ಲರೂ ತಿದ್ದಲಿ ಎಂದು ಇಡೀ ಮನೆಫೋಲ್ಡರ್‌ಗೆ 777 ಅನುಮತಿ ಕೊಡುವ ರೂಢಿ ಇದೆ; ಹಾಗೆ ಕೊಟ್ಟ ಕ್ಷಣವೇ ಕೀ ನಿಂತುಹೋಗುತ್ತದೆ. ಹಂಚಿಕೆಗೆ ಬೇರೆ ಫೋಲ್ಡರ್ ಮಾಡಿ, ಮನೆಫೋಲ್ಡರನ್ನು ಮುಟ್ಟಬೇಡಿ. ಸರಿಪಡಿಸಲು ಸರ್ವರ್‌ನಲ್ಲಿ:

ಸಿಎಚ್‌ಮಾಡ್ ಜಿಓ-ಡಬ್ಲ್ಯು ~
ಸಿಎಚ್‌ಮಾಡ್ 700 ~/.ಎಸ್‌ಎಸ್‌ಎಚ್
ಸಿಎಚ್‌ಮಾಡ್ 600 ~/.ಎಸ್‌ಎಸ್‌ಎಚ್/ಆಥರೈಸ್ಡ್_ಕೀಸ್

ಕಡತಗಳ ಒಡೆತನವನ್ನೂ ನೋಡಿ. ಅಡ್ಮಿನ್ ಸುಡೊ (ರೂಟ್ ಅಧಿಕಾರದಿಂದ ಕಮಾಂಡ್ ನಡೆಸುವ ಪದ) ಹಾಕಿ ಕಡತ ಮಾಡಿದ್ದರೆ ಅದು ಸರ್ವರ್‌ನ ಪೂರ್ಣ ಅಧಿಕಾರದ ಖಾತೆಯಾದ ರೂಟ್‌ನ ಹೆಸರಿನಲ್ಲಿ ಉಳಿದಿರುತ್ತದೆ. ಸಿಎಚ್‌ಓನ್ ಬಳಸಿ ಸುಮಾ ಅವರ ಹೆಸರಿಗೆ ಬದಲಿಸಬೇಕು. ನಿಮ್ಮ ಲ್ಯಾಪ್‌ಟಾಪ್‌ನಲ್ಲಿಯೂ ಪ್ರೈವೇಟ್ ಕೀಯ ಅನುಮತಿ 600 ಇರಲಿ, ಇಲ್ಲದಿದ್ದರೆ ಎಸ್‌ಎಸ್‌ಎಚ್ ಅದನ್ನು ಬಳಸದೆ ಬಿಡುತ್ತದೆ.

ಆಗಲೂ ಬಾಗಿಲು ತೆರೆಯದಿದ್ದರೆ ಊಹಿಸುತ್ತ ಕೂರಬೇಡಿ. ಎಸ್‌ಎಸ್‌ಎಚ್ -ವಿ ಎಂದು ಕೊಟ್ಟು ಸಂಪರ್ಕಿಸಿದರೆ ನಿಮ್ಮ ಯಂತ್ರ ಯಾವ ಕೀಯನ್ನು ಮುಂದಿಟ್ಟಿತು ಎಂಬುದು ಸಾಲು ಸಾಲಾಗಿ ಕಾಣುತ್ತದೆ. ನಿಜವಾದ ಕಾರಣ ಇರುವುದು ಸರ್ವರ್‌ನ ಲಾಗ್‌ನಲ್ಲಿ: ಲಿನಕ್ಸ್‌ನ ಬಗೆಗಳಾದ ಉಬುಂಟು, ಡೆಬಿಯನ್‌ಗಳಲ್ಲಿ ಸುಡೊ ಜರ್ನಲ್‌ಸಿಟಿಎಲ್ -ಯು ಎಸ್‌ಎಸ್‌ಎಚ್, ರೆಡ್‌ಹ್ಯಾಟ್ ಬಳಗದಲ್ಲಿ ಕೊನೆಯ ಪದ ಎಸ್‌ಎಸ್‌ಎಚ್‌ಡಿ. ಯಾವ ಫೋಲ್ಡರ್‌ನ ಒಡೆತನ ಅಥವಾ ಅನುಮತಿ ಸರಿಯಿಲ್ಲ ಎಂದು ಅಲ್ಲಿ ಹೆಸರು ಹಿಡಿದು ಬರೆದಿರುತ್ತದೆ. ಪ್ರಯತ್ನಗಳು ಮಿತಿಮೀರಿದವು ಎಂಬ ದೂರು ಬಂದರೆ, ನಿಮ್ಮ ಯಂತ್ರದಲ್ಲಿರುವ ಹಲವು ಕೀಗಳು ಒಂದಾದ ಮೇಲೊಂದು ಹೋಗಿ ಸರ್ವರ್‌ನ ಮಿತಿ ಮುಟ್ಟಿವೆ ಎಂದರ್ಥ. ಸಾಮಾನ್ಯವಾಗಿ ಆ ಮಿತಿ ಆರು. ಅದಕ್ಕೆ ಮದ್ದು ಕೆಳಗಿನ ಕಾನ್ಫಿಗ್ ಕಡತದಲ್ಲಿದೆ.

ದಿನಕ್ಕೊಮ್ಮೆ ಪಾಸ್‌ಫ್ರೇಸ್

ಎಸ್‌ಎಸ್‌ಎಚ್-ಏಜೆಂಟ್ ಎಂಬ ಕಾರ್ಯಕ್ರಮ ತೆರೆದ ಕೀಯನ್ನು ಮೆಮೊರಿಯಲ್ಲಿ ಇಟ್ಟುಕೊಂಡು ನಿಮ್ಮ ಪರವಾಗಿ ಸಹಿ ಹಾಕುತ್ತದೆ. ಉಬುಂಟು ಡೆಸ್ಕ್‌ಟಾಪ್ ಮತ್ತು ಮ್ಯಾಕ್‌ನಲ್ಲಿ ಅದು ತಾನೇ ನಡೆಯುತ್ತಿರುತ್ತದೆ. ವಿಂಡೋಸ್‌ನಲ್ಲಿ ಸರ್ವಿಸಸ್ ಪಟ್ಟಿಯಲ್ಲಿ ಚಾಲೂ ಮಾಡಿಕೊಳ್ಳಬೇಕು. ಲಿನಕ್ಸ್ ಮತ್ತು ಮ್ಯಾಕ್‌ನವರು ಬೆಳಗ್ಗೆ ಕೆಲಸಕ್ಕೆ ಕೂತಾಗ ಎಸ್‌ಎಸ್‌ಎಚ್-ಆ್ಯಡ್ -ಟಿ 8ಎಚ್ ಎಂದು ಕೊಟ್ಟು ಪಾಸ್‌ಫ್ರೇಸ್ ಹಾಕಿದರೆ ಎಂಟು ಗಂಟೆ ಮತ್ತೆ ಕೇಳುವುದಿಲ್ಲ, ಸಂಜೆ ಅದಾಗಿಯೇ ಮರೆತುಬಿಡುತ್ತದೆ. ಏಜೆಂಟನ್ನು ಸರ್ವರ್‌ವರೆಗೂ ಒಯ್ಯುವ ದೊಡ್ಡ ಎ ಆಯ್ಕೆಯನ್ನು ಬಳಸಬೇಡಿ. ಆ ಸರ್ವರ್‌ನ ರೂಟ್ ಅಧಿಕಾರ ಇರುವವರು ಅಷ್ಟು ಹೊತ್ತು ನಿಮ್ಮ ಹೆಸರಿನಲ್ಲಿ ಸಹಿ ಹಾಕಿಸಬಲ್ಲರು. ಒಂದು ಸರ್ವರ್ ದಾಟಿ ಇನ್ನೊಂದಕ್ಕೆ ಹೋಗಬೇಕಾದರೆ ದೊಡ್ಡ ಜೆ ಆಯ್ಕೆ ಇದೆ.

ಪ್ರತಿ ಸಲ ವಿಳಾಸ ಟೈಪ್ ಮಾಡುವ ಬದಲು .ಎಸ್‌ಎಸ್‌ಎಚ್ ಫೋಲ್ಡರ್‌ನಲ್ಲಿ ಕಾನ್ಫಿಗ್ ಎಂಬ ಕಡತ ಮಾಡಿ ಹೀಗೆ ಬರೆಯಿರಿ:

ಹೋಸ್ಟ್ ಪೇಟೆ
ಹೋಸ್ಟ್‌ನೇಮ್ 203.0.113.25
ಯೂಸರ್ ಸುಮಾ
ಐಡೆಂಟಿಟಿಫೈಲ್ ~/.ಎಸ್‌ಎಸ್‌ಎಚ್/ಐಡಿ_ಇಡಿ25519
ಐಡೆಂಟಿಟೀಸ್‌ಓನ್ಲಿ ಯೆಸ್
ಸರ್ವರ್‌ಅಲೈವ್‌ಇಂಟರ್ವಲ್ 60

ಇನ್ನು ಎಸ್‌ಎಸ್‌ಎಚ್ ಪೇಟೆ ಎಂದರೆ ಸಾಕು. ಐದನೆಯ ಸಾಲು ಹೆಸರಿಸಿದ ಕೀಯನ್ನು ಮಾತ್ರ ಮುಂದಿಡುತ್ತದೆ, ಮೇಲೆ ಹೇಳಿದ ಮಿತಿಯ ತೊಂದರೆ ತಪ್ಪುತ್ತದೆ. ಕೊನೆಯ ಸಾಲು, ಮನೆಯ ಬ್ರಾಡ್‌ಬ್ಯಾಂಡ್‌ನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದರೆ ಸಂಪರ್ಕ ಕಡಿದುಹೋಗುವುದಕ್ಕೆ ಪರಿಹಾರ.

ಪಾಸ್‌ವರ್ಡಿನ ಬಾಗಿಲು ಮುಚ್ಚುವುದು

ಕೀ ಸೇರಿಸಿ ಪಾಸ್‌ವರ್ಡ್ ಲಾಗಿನ್ ಹಾಗೇ ಬಿಟ್ಟರೆ, ಊಹಿಸುತ್ತ ಕೂತ ಆ ಯಂತ್ರಗಳಿಗೆ ಏನೂ ಬದಲಾಗಲಿಲ್ಲ. ಈ ಹಂತ ಮಾಡಲೇಬೇಕು, ಅವಸರವಿಲ್ಲದೆ ಮಾಡಬೇಕು. ಶುಕ್ರವಾರ ಸಂಜೆ ಬೇಡ. ಮೊದಲು ಒಳಗೆ ಬರಲು ಇನ್ನೊಂದು ದಾರಿ ಇದೆಯೇ ನೋಡಿ: ಕ್ಲೌಡ್ ಯಂತ್ರವಾದರೆ ಜಾಲತಾಣದ ಕನ್ಸೋಲ್ ತೆರೆಯುತ್ತದೆಯೇ, ಕಚೇರಿಯ ಯಂತ್ರವಾದರೆ ಮಾನಿಟರ್, ಕೀಬೋರ್ಡ್ ಜೋಡಿಸಲು ಯಾರಾದರೂ ಅಲ್ಲಿದ್ದಾರೆಯೇ. ಅಡ್ಮಿನ್ ಕೆಲಸ ಮಾಡುವವರ ಕೀ ಕನಿಷ್ಠ ಎರಡು ಯಂತ್ರಗಳಿಂದ ಸೇರಿರಲಿ. ಆಮೇಲೆ ಒಂದು ಕಿಟಕಿಯಲ್ಲಿ ಸರ್ವರ್‌ಗೆ ಲಾಗಿನ್ ಆಗಿ, ಎಲ್ಲ ಮುಗಿದು ಪರೀಕ್ಷೆಯಾಗುವವರೆಗೆ ಆ ಕಿಟಕಿಯನ್ನು ಮುಚ್ಚಬೇಡಿ. ಸೆಟ್ಟಿಂಗ್ ಬದಲಿಸಿ ಸೇವೆಗೆ ಮರುಓದಿಸಿದರೂ ಆಗಲೇ ತೆರೆದಿರುವ ಸಂಪರ್ಕ ಉಳಿಯುತ್ತದೆ. ಏನಾದರೂ ತಪ್ಪಿದರೆ ಹಿಂದೆ ಬರಲು ಅದೇ ದಾರಿ.

ತಿದ್ದಬೇಕಾದದ್ದು ಇಟಿಸಿ ಫೋಲ್ಡರ್‌ನ ಎಸ್‌ಎಸ್‌ಎಚ್ ಒಳಗಿನ ಎಸ್‌ಎಸ್‌ಎಚ್‌ಡಿ_ಕಾನ್ಫಿಗ್. ಪಕ್ಕದಲ್ಲೇ ಡಿ ಇಲ್ಲದ ಎಸ್‌ಎಸ್‌ಎಚ್_ಕಾನ್ಫಿಗ್ ಇರುತ್ತದೆ, ಅದು ಹೊರಗೆ ಹೋಗುವ ಸಂಪರ್ಕಗಳಿಗೆ ಸಂಬಂಧಿಸಿದ್ದು. ಉಬುಂಟುವಿನಲ್ಲಿ ಮುಖ್ಯ ಕಡತವನ್ನು ಮುಟ್ಟದೆ ಎಸ್‌ಎಸ್‌ಎಚ್‌ಡಿ_ಕಾನ್ಫಿಗ್.ಡಿ ಫೋಲ್ಡರ್‌ನಲ್ಲಿ 10-ಕೀ.ಕಾನ್ಫ್ ಎಂಬ ಹೊಸ ಕಡತ ಮಾಡುವುದು ನನ್ನ ಕ್ರಮ:

ಪಾಸ್‌ವರ್ಡ್‌ಆಥೆಂಟಿಕೇಶನ್ ನೋ
ಕೆಬಿಡಿಇಂಟರ್‌ಆ್ಯಕ್ಟಿವ್‌ಆಥೆಂಟಿಕೇಶನ್ ನೋ
ಪರ್ಮಿಟ್‌ರೂಟ್‌ಲಾಗಿನ್ ನೋ

ಮೂರನೆಯ ಸಾಲು ಹಾಕುವ ಮುನ್ನ ಸುಡೊ ಅಧಿಕಾರವಿರುವ ಸಾಮಾನ್ಯ ಖಾತೆಯೊಂದು ಇದೆ ಎಂದು ಖಚಿತಪಡಿಸಿಕೊಳ್ಳಿ. ಹೆಸರಿನ ಆರಂಭದ 10ಕ್ಕೂ ಅರ್ಥವಿದೆ. ಈ ಕಡತಗಳನ್ನು ಹೆಸರಿನ ಕ್ರಮದಲ್ಲಿ ಓದಲಾಗುತ್ತದೆ, ಒಂದೇ ಸೆಟ್ಟಿಂಗ್ ಎರಡು ಕಡೆ ಇದ್ದರೆ ಮೊದಲು ಸಿಕ್ಕಿದ್ದು ಗೆಲ್ಲುತ್ತದೆ. ಕ್ಲೌಡ್ ಯಂತ್ರಗಳಲ್ಲಿ ಅದೇ ಫೋಲ್ಡರ್‌ನಲ್ಲಿ 50-ಕ್ಲೌಡ್-ಇನಿಟ್.ಕಾನ್ಫ್ ಎಂಬ ಕಡತ ಪಾಸ್‌ವರ್ಡ್ ಲಾಗಿನ್‌ಗೆ ಯೆಸ್ ಎಂದು ಬರೆದುಕೊಂಡು ಕೂತಿರಬಹುದು. ಮುಖ್ಯ ಕಡತದ ಕೆಳಗಡೆ ನೋ ಎಂದು ತಿದ್ದಿ, ಮುಚ್ಚಿತು ಎಂದು ನಿಶ್ಚಿಂತೆಯಿಂದ ಇರುವ ಅದೆಷ್ಟೋ ಸರ್ವರ್‌ಗಳಲ್ಲಿ ಬಾಗಿಲು ತೆರೆದೇ ಇರುವುದು ಹೀಗೆ.

ಆಮೇಲೆ ಸುಡೊ ಎಸ್‌ಎಸ್‌ಎಚ್‌ಡಿ -ಟಿ. ಏನೂ ಹೇಳದೆ ಮರಳಿದರೆ ಬರವಣಿಗೆ ಸರಿಯಿದೆ. ಇದನ್ನು ಬಿಡಬೇಡಿ: ತಪ್ಪಿರುವ ಕಡತವನ್ನು ಹಾಗೇ ಬಿಟ್ಟರೆ ಇಂದು ಏನೂ ಕಾಣದೆ, ಮಳೆಗಾಲದಲ್ಲಿ ಕರೆಂಟು ಹೋಗಿ ಯುಪಿಎಸ್ ಬರಿದಾಗಿ ಯಂತ್ರ ಮತ್ತೆ ಏಳುವಾಗ ಎಸ್‌ಎಸ್‌ಎಚ್ ಸೇವೆ ಏಳುವುದೇ ಇಲ್ಲ. ಬಳಿಕ ಸುಡೊ ಸಿಸ್ಟಮ್‌ಸಿಟಿಎಲ್ ರೀಲೋಡ್ ಎಸ್‌ಎಸ್‌ಎಚ್. ನಿಜವಾಗಿ ಜಾರಿಯಲ್ಲಿರುವ ಸೆಟ್ಟಿಂಗ್‌ಗಳನ್ನು ದೊಡ್ಡ ಟಿ ಹಾಕಿದ ಎಸ್‌ಎಸ್‌ಎಚ್‌ಡಿ -ಟಿ ಪಟ್ಟಿಮಾಡುತ್ತದೆ. ಅದರಲ್ಲಿ ಪಾಸ್‌ವರ್ಡ್‌ಆಥೆಂಟಿಕೇಶನ್ ಎದುರು ನೋ ಇದೆಯೇ ನೋಡಿ.

ಈಗ ಹೊಸ ಕಿಟಕಿಯಿಂದ ಕೀ ಬಳಸಿ ಲಾಗಿನ್ ಆಗಿ. ಆಯಿತೆಂದರೆ ಮತ್ತೊಂದು ಪರೀಕ್ಷೆ ಉಳಿದಿದೆ, ಕೀ ಇಲ್ಲದೆ ಬರಲು ಯತ್ನಿಸುವುದು:

ಎಸ್‌ಎಸ್‌ಎಚ್ -ಓ ಪಬ್‌ಕೀಆಥೆಂಟಿಕೇಶನ್=ನೋ ಪೇಟೆ

ಪಾಸ್‌ವರ್ಡ್ ಕೇಳದೆ ತಿರಸ್ಕರಿಸಿದರೆ ಮೊದಲ ಕಿಟಕಿಯನ್ನು ಮುಚ್ಚಬಹುದು. ಪೋರ್ಟ್ ಸಂಖ್ಯೆ ಬದಲಿಸಬೇಕೇ ಎಂದು ಕೇಳುತ್ತಾರೆ. ಲಾಗ್‌ನಲ್ಲಿ ಗದ್ದಲ ಕಡಿಮೆಯಾಗುತ್ತದೆ, ಅಷ್ಟೇ, ನಾನು ಬದಲಿಸುವುದಿಲ್ಲ.

ಸಾಲು ಅಳಿಸುವ ದಿನ

ಹೊಸ ಲ್ಯಾಪ್‌ಟಾಪ್ ಬಂದಾಗ ಹಳೆಯ ಕೀಯನ್ನು ಅದಕ್ಕೆ ನಕಲಿಸಬೇಡಿ, ಹೊಸದನ್ನು ಮಾಡಿ ಹಳೆಯ ಸಾಲನ್ನು ತೆಗೆಸಿ. ರಾತ್ರಿ ತಾನಾಗಿ ನಡೆಯುವ ಬ್ಯಾಕಪ್‌ಗೂ ಅದರದೇ ಕೀ ಇರಲಿ. ಅಲ್ಲಿ ಪಾಸ್‌ಫ್ರೇಸ್ ಹಾಕಲು ಯಾರೂ ಇರುವುದಿಲ್ಲ, ಹಾಗಾಗಿ ಸರ್ವರ್‌ನಲ್ಲಿ ಆ ಸಾಲಿನ ಆರಂಭಕ್ಕೆ ರಿಸ್ಟ್ರಿಕ್ಟ್ ಎಂದು ಬರೆದು, ಕಮಾಂಡ್= ಎಂಬ ಆಯ್ಕೆಯಿಂದ ಒಂದೇ ಕೆಲಸಕ್ಕೆ ಕಟ್ಟಿಹಾಕಿ. ಫ್ರಮ್= ಎಂಬ ಆಯ್ಕೆಯಿಂದ ಬರುವ ವಿಳಾಸವನ್ನೂ ಸೀಮಿತಗೊಳಿಸಬಹುದು; ವಿಳಾಸ ಆಗಾಗ ಬದಲಾಗುವ ಮನೆಯ ಬ್ರಾಡ್‌ಬ್ಯಾಂಡ್‌ಗೆ ಅದು ಹೊಂದುವುದಿಲ್ಲ, ಸ್ಥಿರ ವಿಳಾಸವಿರುವ ಕಚೇರಿಗೆ ಚೆನ್ನಾಗಿ ಹೊಂದುತ್ತದೆ.

ಯಾವ ಸಾಲು ಯಾರದು ಎಂಬ ತಿಳಿವಳಿಕೆಗೆ ಎಷ್ಟು ಬೆಲೆ ಎಂದು ಲೋಕಕ್ಕೆ ಗೊತ್ತಾದದ್ದು 2008ರ ಮೇ ತಿಂಗಳಿನಲ್ಲಿ. ಡೆಬಿಯನ್‌ನ ಓಪನ್‌ಎಸ್‌ಎಸ್‌ಎಲ್‌ನಲ್ಲಿ (ಕೀ ಹುಟ್ಟಿಸಲು ನೆರವಾಗುವ ತಂತ್ರಾಂಶ) 2006ರಲ್ಲಿ ಮಾಡಿದ ಒಂದು ತಿದ್ದುಪಡಿಯಿಂದ, ಅಲ್ಲಿ ಮತ್ತು ಉಬುಂಟುವಿನಲ್ಲಿ ಹುಟ್ಟಿದ ಕೀಗಳಿಗೆ ಯಾದೃಚ್ಛಿಕತೆ (ಊಹೆಗೆ ಸಿಗದ ಗುಣ) ಸಿಗುತ್ತಿದ್ದದ್ದು, ನಡೆಯುವ ಪ್ರತಿ ಕಾರ್ಯಕ್ರಮಕ್ಕೂ ಯಂತ್ರ ಕೊಡುವ ಪ್ರೋಸೆಸ್ ಸಂಖ್ಯೆಯಿಂದ ಮಾತ್ರ ಎಂದು ಆಗ ಬಯಲಾಯಿತು. ಆ ಸಂಖ್ಯೆ 32,768ರ ಆಚೆ ಹೋಗುತ್ತಿರಲಿಲ್ಲ, ಅಷ್ಟನ್ನು ಯಾರು ಬೇಕಾದರೂ ಮೊದಲೇ ಮಾಡಿಟ್ಟುಕೊಳ್ಳಬಹುದಿತ್ತು. ಸರ್ವರ್‌ನ ತಂತ್ರಾಂಶ ಸರಿಯಿದ್ದರೂ, ಡೆಬಿಯನ್ ಲ್ಯಾಪ್‌ಟಾಪ್‌ನಲ್ಲಿ ಹುಟ್ಟಿದ ಒಂದು ದುರ್ಬಲ ಕೀ ಅದರ ಆಥರೈಸ್ಡ್_ಕೀಸ್‌ನಲ್ಲಿದ್ದರೆ ಬಾಗಿಲು ತೆರೆದಂತೆಯೇ. ಪ್ರತಿ ಸಾಲನ್ನೂ ಹುಡುಕಿ ಬದಲಿಸಬೇಕಾಯಿತು.

ಲ್ಯಾಪ್‌ಟಾಪ್ ಕಳೆದುಹೋಯಿತು ಎಂದು ಸುಮಾ ಫೋನ್ ಮಾಡಿದರೆ ನಾನು ಮಾಡುವುದು ಇಷ್ಟು. ಆಥರೈಸ್ಡ್_ಕೀಸ್ ತೆರೆದು ಆ ಟಿಪ್ಪಣಿಯ ಸಾಲನ್ನು ಅಳಿಸುತ್ತೇನೆ, ಅಳಿಸುವ ಮುನ್ನ ಅದರ ಫಿಂಗರ್‌ಪ್ರಿಂಟ್ ಬರೆದಿಟ್ಟುಕೊಳ್ಳುತ್ತೇನೆ. ಹೊಸ ಲಾಗಿನ್ ಆ ಕ್ಷಣಕ್ಕೆ ನಿಲ್ಲುತ್ತದೆ, ಆದರೆ ಆಗಲೇ ತೆರೆದಿರುವ ಸಂಪರ್ಕ ನಿಲ್ಲುವುದಿಲ್ಲ. ಡಬ್ಲ್ಯು ಎಂಬ ಒಂದೇ ಅಕ್ಷರದ ಕಮಾಂಡ್ ಯಾರು ಒಳಗಿದ್ದಾರೆ ಎಂದು ತೋರಿಸುತ್ತದೆ; ಆ ಖಾತೆಯ ಎಲ್ಲವನ್ನೂ ಸುಡೊ ಪಿಕಿಲ್ -ಕಿಲ್ -ಯು ಸುಮಾ ಎಂದು ಕೊನೆಗೊಳಿಸುತ್ತೇನೆ, ಇಲ್ಲಿ ಮೊದಲ ಅಡ್ಡಗೆರೆಯ ಮುಂದಿನ ಕಿಲ್ ದೊಡ್ಡ ಅಕ್ಷರಗಳಲ್ಲಿ. ಬಳಿಕ ಲಾಗ್‌ನಲ್ಲಿ ಆ ಫಿಂಗರ್‌ಪ್ರಿಂಟ್ ಹುಡುಕುತ್ತೇನೆ. ಪ್ರತಿ ಯಶಸ್ವಿ ಲಾಗಿನ್‌ನ ಸಾಲಿನಲ್ಲೂ ಕೀಯ ಫಿಂಗರ್‌ಪ್ರಿಂಟ್, ಬಂದ ವಿಳಾಸ, ಸಮಯ ಇರುತ್ತವೆ. ಕಳೆದದ್ದೆಂದು ಸುಮಾ ಹೇಳಿದ ಹೊತ್ತಿನ ನಂತರದ ಲಾಗಿನ್ ಕಂಡರೆ, ಆಥರೈಸ್ಡ್_ಕೀಸ್‌ನಲ್ಲಿ ಗುರುತಿಲ್ಲದ ಸಾಲು ಸೇರಿದೆಯೇ, ನಿಗದಿತ ಹೊತ್ತಿಗೆ ತಾನಾಗಿ ನಡೆಯುವ ಕೆಲಸಗಳ ಪಟ್ಟಿಯಾದ ಕ್ರಾನ್‌ಟ್ಯಾಬ್‌ನಲ್ಲಿ ಹೊಸ ಕೆಲಸ ಕಾಣುತ್ತದೆಯೇ ಎಂದು ನೋಡುತ್ತೇನೆ. ಸುಮಾ ಅವರಿಗೆ ಸುಡೊ ಅಧಿಕಾರವಿದ್ದರೆ ಅಷ್ಟರಿಂದ ಸಾಲದು. ಆ ಸರ್ವರನ್ನು ನಂಬುವುದು ಬಿಟ್ಟು, ಬ್ಯಾಕಪ್‌ನಿಂದ ಹೊಸದಾಗಿ ಕಟ್ಟುತ್ತೇನೆ.